ಡಿ ಅಂಡ್ ಡಿ ಒಳಗ ಪರ್ಸೆಪ್ಶನ್ ಚೆಕ್: ಡೈಸ್ ಯಾವಾಗ ಹಾಕಸ್ಬೇಕು, ಯಾವಾಗ ಬ್ಯಾಡ

ಗಂಗಾವತ್ಯಾಗ ಭಾನುವಾರ ಭಾನುವಾರ ನಮ್ಮ ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಪಾತ್ರ ಹಾಕ್ಕೊಂಡು ಡೈಸ್ ಹಾಕಿ ಕತಿ ಕಟ್ಟೋ ಆಟ) ನಡೀತೈತಿ, ಡಿಎಂ (ಕತಿ ನಡಸೋ ಡಂಜನ್ ಮಾಸ್ಟರ್) ನಾನು, ಆಡೋರು ಐದು ಮಂದಿ. ಪರ್ಸೆಪ್ಶನ್ ಚೆಕ್ ಅಂದ್ರ ಪಾತ್ರಕ್ಕ ಏನಾರ ಕಾಣ್ತೈತೋ ಕೇಳ್ತೈತೋ ಅಂತ 20 ಮುಖದ ಡೈಸ್ ಹಾಕಿ, ಬೋನಸ್ ಕೂಡಿಸಿ ನೋಡೋದು. ಮೊದಮೊದ್ಲು ಬಾಗ್ಲಾ ತೆಗದ್ರೂ ಪರ್ಸೆಪ್ಶನ್, ಗಿಡದ ಕೆಳಗ ಕುಂತ್ರೂ ಪರ್ಸೆಪ್ಶನ್ ಅಂತ ಹಾಕಸ್ತಿದ್ದೆ. ಒಂದಿನ ಸುರಂಗದ ಬಾಯಿ ಹುಡುಕಾಕ ಡಿಸಿ (ಪಾಸಾಗಾಕ ಮುಟ್ಟಬೇಕಾದ ಅಂಕಿ) 15 ಇಟ್ಟೆ, ಐದೂ ಮಂದಿ ಫೇಲ್, ಮುಂದ ಹೋಗಾಕ ಬ್ಯಾರೆ ದಾರೀನ ಇಟ್ಟಿರ್ಲಿಲ್ಲ, ಕತಿ ಅಲ್ಲೇ ನಿಂತ್ಬಿಡ್ತು. ಅವತ್ತಿಂದ ಒಂದು ಗಟ್ಟಿ ಮಾಡ್ಕೊಂಡೀನಿ, ಯಾವ್ದು ಕಾಣ್ಲಿಲ್ಲಂದ್ರ ಆಟ ನಿಲ್ತೈತೋ ಅದನ್ನ ಡೈಸ್ ಇಲ್ದ ಹೇಳ್ಬಿಡೋದು.

ಈಗ ನಮ್ಮ ಕತಿ ಗಂಗಾವತಿ ಹತ್ರದ ಹಿರೇಬೆಣಕಲ್ ಮೊರೇರ ಗುಡ್ಡದ ಮ್ಯಾಲ ನಡದೈತಿ. ಹತ್ತಿ ನೋಡಿದೋರಿಗೆ ಗೊತ್ತು, ಬಂಡಿ ಚಪ್ಪಡಿ ನಿಲ್ಲಿಸಿ ಕಟ್ಟಿದ ನೂರಾರು ಕಲ್ಮನಿ, ಕೆಲವಕ್ಕ ದುಂಡನ ಕಿಂಡಿ. ಇದೆಲ್ಲಾ ಪುಕ್ಕಟ ಹೇಳ್ತೀನಿ. ಆ ಕಿಂಡಿ ಹಿಂದ ಕಳ್ಳ ಉಸ್ರು ಬಿಗಿಹಿಡದು ಕುಂತಾನ ಅನ್ನೋದಕ್ಕ ಮಾತ್ರ ಚೆಕ್. ಗೊತ್ತಾದ್ರ ಇವರು ತಯಾರಿರ್ತಾರ, ಆಗ್ಲಿಲ್ಲಂದ್ರ ಅವ ಮೊದ್ಲ ಮ್ಯಾಲ ಬೀಳ್ತಾನ, ಹೆಂಗಾದ್ರೂ ಕತಿ ಮುಂದ ಹೋಗ್ತೈತಿ.

ಇಂಥ ಕಡೆ ಡೈಸ್ ಕೇಳಿದ್ರ ಏನೋ ಐತಿ ಅಂತ ಎಲ್ಲಾರಿಗೂ ಗೊತ್ತಾಗ್ಬಿಡ್ತೈತಿ, ಅದಕ್ಕ ಪ್ಯಾಸಿವ್ ಪರ್ಸೆಪ್ಶನ್ (ಡೈಸ್ ಹಾಕದ ಹಿಡಿಯೋ ಅಂಕಿ) ಬಳಸ್ರಿ. 10ಕ್ಕ ಅವರ ಪರ್ಸೆಪ್ಶನ್ ಬೋನಸ್ ಕೂಡಸ್ರಿ, ವಿಸ್ಡಮ್ (ಪಾತ್ರದ ಅರಿವಿನ ಅಂಕಿ) 16 ಇದ್ದು (ಅದಕ್ಕ +3), ಪರ್ಸೆಪ್ಶನ್ ಒಳಗ ಪ್ರೊಫಿಶಿಯೆನ್ಸಿ, ಅಂದ್ರ ಪಳಗಿದ ಕೈ, ಇರೋ (ಅದಕ್ಕ +2) ಲೆವೆಲ್ 1 ಪೂಜಾರಿ ಪಾತ್ರ ಕ್ಲೆರಿಕ್‌ಗೆ 10+3+2, ಅಂದ್ರ 15. ಐದೂ ಮಂದಿದು ಚೀಟ್ಯಾಗ ಬರ್ಕೊಂಡು, ಕಳ್ಳನ ಸ್ಟೆಲ್ತ್ (ಅಡಗೋ ಚೆಕ್) ನೀವ ಪರದೆ ಹಿಂದ ಹಾಕಿ ತಾಳೆ ನೋಡ್ರಿ. ಅಡ್ವಾಂಟೇಜ್ (ಎರಡು ಸಲ ಹಾಕಿ ದೊಡ್ಡ ಅಂಕಿ ಹಿಡಿಯೋದು) ಇದ್ರ 5 ಕೂಡಸ್ರಿ, ಡಿಸ್ಅಡ್ವಾಂಟೇಜ್ (ಎರಡರಾಗ ಸಣ್ಣದು ಹಿಡಿಯೋದು) ಇದ್ರ 5 ಕಳೀರಿ. ಭಾಳ ಮಂದಿ ಮರೆಯೋದು ಇಲ್ಲೇ: ಡಾರ್ಕ್‌ವಿಷನ್ (ಕತ್ಲದಾಗ ಕಾಣೋ ಶಕ್ತಿ) ಇದ್ರೂ ಗವ್ವಂತ ಕತ್ಲು ಮಬ್ಬು ಬೆಳಕಿನಂಗ ಕಾಣ್ತೈತಿ ಅಷ್ಟ, ಹಗಲಾಗಂಗಿಲ್ಲ, ಹಂಗಾಗಿ ಕಣ್ಣಿಂದ ನೋಡೋದಕ್ಕ ಡಿಸ್ಅಡ್ವಾಂಟೇಜ್ ಇದ್ದ ಇರ್ತೈತಿ.

ಇನ್ನ ಒಬ್ಬ ಹಾಕಿದ ಕೂಡ್ಲೆ ನಾನೂ ಹಾಕ್ತೀನಿ ಅಂತ ಎಲ್ಲಾರೂ ಡೈಸ್ ಹಿಡಿಯೋದು. ಬೋನಸ್ ಇಲ್ದೋನಿಗೆ ಡಿಸಿ 15 ದಾಟೋ ಚಾನ್ಸು 30%, ಆದ್ರ ಅಂಥೋರು ಐದು ಮಂದಿ ಹಾಕಿದ್ರ ಒಬ್ಬರಾದ್ರೂ ದಾಟೋದು ಸುಮಾರು 83%, ಹಿಂಗಾದ್ರ ಮುಚ್ಚಿಟ್ಟದ್ದು ಮುಚ್ಚಿಟ್ಟಂಗ ಎಲ್ಲಿ ಉಳೀತೈತಿ? ನಾನು ಒಬ್ಬನ್ನ ಹಾಕಸ್ತೀನಿ, ಜೊತಿಗೆ ಇನ್ನೊಬ್ಬ ಹುಡುಕಿದ್ರ ಅಡ್ವಾಂಟೇಜ್ ಕೊಡ್ತೀನಿ.

ಎಲ್ಲಿ ನೋಡ್ತಿ, ಹೆಂಗ ನೋಡ್ತಿ ಅಂತ ಕೇಳ್ರಿ. ಕಿಂಡ್ಯಾಗ ಕೈ ಹಾಕಿ ತಡವ್ತೀನಿ ಅಂದ್ರ ಒಳಗಿದ್ದ ಗಂಟು ಕೈಗೆ ಸಿಗ್ಲಿ, ಡೈಸ್ ಯಾಕ ಬೇಕು. ಚಪ್ಪಡಿ ಮ್ಯಾಲಿನ ಗೀರು ಕಾಣೋದು ಪರ್ಸೆಪ್ಶನ್, ಗೀರು ನೋಡಿ ಯಾರೋ ಇದನ್ನ ಸರಿಸ್ಯಾರ ಅಂತ ಲೆಕ್ಕ ಹಾಕೋದು ಇನ್ವೆಸ್ಟಿಗೇಶನ್.

ಫೇಲ್ ಆದ್ರ "ಏನೂ ಇಲ್ಲ" ಅಂತ ಹೇಳ್ಬ್ಯಾಡ್ರಿ. ಆ ಗುಡ್ಡದ ಮ್ಯಾಲ ನಗಾರಿ ಗುಂಡು ಐತಿ, ಬಡದ್ರ ದೂರದ ತನಕ ಕೇಳ್ತೈತಿ (ನಿಜವಾಗಿ ಹೋದಾಗ ಬಡೀಬ್ಯಾಡ್ರಿ, 2000 ವರ್ಷಕ್ಕೂ ಹಳೆ ಜಾಗ ಅದು). ನಮ್ಮ ಆಟದಾಗ ರಾತ್ರಿ ಯಾರೋ ಅದನ್ನ ಬಡದ್ರು. ಪಾಸಾದೋರಿಗೆ ಮೂರು ಪೆಟ್ಟು, ಹೊಡದಾಂವ ಅಲ್ಲೇ ಅದಾನ, ಇನ್ನೊಬ್ಬ ಕೆಳಗ ಓಡಿ ಬರಾಕತ್ಯಾನ ಅಂತ ಹೇಳ್ದೆ. ಫೇಲ್ ಆದೋಳಿಗೆ ಬಂಡಿಯಿಂದ ಬಂಡಿಗೆ ಸಪ್ಪಳ ಹೊಳ್ಳಿ ಹೊಳ್ಳಿ ಬರಾಕತ್ತೈತಿ, ಯಾವ ದಿಕ್ಕಿಂದ ಅಂತ ತಿಳೀವಲ್ದು ಅಂದೆ. ಆಕಿ ದೀವಟಿಗಿ ಆರಿಸಿ ಕಲ್ಮನಿ ಒಳಗ ಹೊಕ್ಕು ಕುಂತ್ಳು, ಮುಂದಿನ ಅರ್ಧ ತಾಸು ಯಾರೂ ಮೊಬೈಲ್ ಮುಟ್ಟಲಿಲ್ಲ.