ರೆಡಿಮೇಡ್ ಯೂನಿಫಾರ್ಮ್ ಆಗದ ಮಕ್ಕಳಿಗೆ ಯೂನಿಫಾರ್ಮ್ ಹೊಂದಿಸುವುದು ಹೇಗೆ?

ಯೂನಿಫಾರ್ಮ್ ಅಂಗಡಿಗೆ ಹೋದ ಕೂಡಲೇ ಕೇಳುವುದು "ಯಾವ ಕ್ಲಾಸು?" ಅಂತ. ಕ್ಲಾಸ್ ಹೇಳಿದರೆ ಒಂದು ನಂಬರಿನ ಪ್ಯಾಕೆಟ್ ತೆಗೆದು ಮುಂದಿಡುತ್ತಾರೆ. ತುಂಬಾ ಮಕ್ಕಳಿಗೆ ಅದು ಆಗಿಬಿಡುತ್ತದೆ. ಆಗದ ಮಕ್ಕಳೂ ಪ್ರತಿ ಕ್ಲಾಸಿನಲ್ಲೂ ಇರುತ್ತಾರೆ. ಮೂರನೇ ಕ್ಲಾಸಿಗೇ ಸೊಂಟ 32 ಇಂಚು ಇರುವ ಹುಡುಗ, ಏಳನೇ ಕ್ಲಾಸಿಗೆ ಬಂದರೂ ನಾಲ್ಕನೇ ಕ್ಲಾಸಿನವಳಂತೆ ಕಾಣುವ ಹುಡುಗಿ, ಮೈ ಸಣಕಲಾಗಿದ್ದು ಕಾಲು ಮಾತ್ರ ಸರಸರ ಬೆಳೆದವರು, ಬೆನ್ನಿಗೆ ಬ್ರೇಸೋ ಕಾಲಿಗೆ ಕ್ಯಾಲಿಪರೋ (ಮೈಗೆ ಆಸರೆಯಾಗಿ ಕಟ್ಟುವ ಪಟ್ಟಿ, ಸರಳು) ಹಾಕಿಕೊಳ್ಳುವವರು. ನಮ್ಮ ಮನೆಯಲ್ಲಿ ಎರಡೂ ಥರದವರಿದ್ದಾರೆ. ಮಗಳು ವಯಸ್ಸಿಗೆ ತುಂಬಾ ಪುಟ್ಟವಳು, ಅಕ್ಕನ ಮಗ ವಯಸ್ಸಿಗೆ ದೊಡ್ಡವನು. ಇಬ್ಬರಿಗೂ ಹೊಂದಿಸಿ ಹೊಂದಿಸಿ ಗೊತ್ತಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಅಳತೆಯನ್ನು ಮನೆಯಲ್ಲೇ ತೆಗೆದುಕೊಳ್ಳಿ. ಅಂಗಡಿಯಲ್ಲಿ ಮಗುವನ್ನು ನಿಲ್ಲಿಸಿಕೊಂಡು ಒಂದಾದ ಮೇಲೊಂದು ಹಾಕಿಸಿ ನೋಡುವಾಗ, ಪಕ್ಕದಲ್ಲಿ ನಿಂತವರ ಮುಂದೆಯೇ "ಈ ವಯಸ್ಸಿಗೆ ಈ ಸೈಜಾ?" ಅಂತ ಜೋರಾಗಿ ಕೇಳುವವರಿದ್ದಾರೆ. ಮಗು ಅದನ್ನು ಮರೆಯುವುದಿಲ್ಲ. ಅಂಗಡಿಯ ನಂಬರಿಗೆ ಮಗು ಹೊಂದಬೇಕು ಅಂತ ಎಲ್ಲೂ ಬರೆದಿಲ್ಲ. ಆದ್ದರಿಂದ ಮೊದಲ ಸಲ ನೀವೊಬ್ಬರೇ ಹೋಗಿ, ಅಳತೆ ಚೀಟಿ ಮತ್ತು ಟೇಪು ಜೊತೆಗಿರಲಿ.

ಚೀಟಿಯಲ್ಲಿ ಬರೆದುಕೊಳ್ಳಬೇಕಾದದ್ದು: ಎದೆ, ಹೊಟ್ಟೆ, ಸೊಂಟ, ಸೀಟು (ಹಿಂಭಾಗದ ಸುತ್ತಳತೆ), ತೊಡೆ, ಶೋಲ್ಡರ್, ಕುತ್ತಿಗೆ, ತೋಳಿನ ಉದ್ದ, ರಟ್ಟೆಯ ಸುತ್ತಳತೆ, ಸೊಂಟದಿಂದ ಪಾದದ ಗಂಟಿನವರೆಗೆ, ಕಾಲ ಸಂದಿಯಿಂದ ಗಂಟಿನವರೆಗೆ. ಹೊಟ್ಟೆ ಮತ್ತು ಸೀಟನ್ನು ಕೂತಾಗಲೂ ಒಮ್ಮೆ ಅಳೆಯಿರಿ, ನಿಂತಾಗಿನದಕ್ಕಿಂತ ಜಾಸ್ತಿ ಬರುತ್ತದೆ, ಶಾಲೆಯಲ್ಲಿ ದಿನವೆಲ್ಲ ಕೂತೇ ಇರುತ್ತಾರಲ್ವಾ. ಮಗು ಇಷ್ಟಪಟ್ಟು ಹಾಕಿಕೊಳ್ಳುವ ಒಂದು ಶರ್ಟ್, ಒಂದು ಪ್ಯಾಂಟನ್ನು ಅಳತೆ ಬಟ್ಟೆ ಅಂತ ಬೇರೆಯಾಗಿ ತೆಗೆದಿಡಿ. ಅಳತೆ ಬಟ್ಟೆ ಇದ್ದರೆ ಟೈಲರ್‌ಗೂ ಅರ್ಧ ಕೆಲಸ ಕಡಿಮೆ.

ಇನ್ನು ಅಂಗಡಿಯ ನಂಬರ್. ಶರ್ಟಿಗೆ 24, 26, 28 ಅಂತ ಎರಡೆರಡು ಏರುತ್ತಾ ಹೋಗುತ್ತದೆ. ಆದರೆ ಒಬ್ಬರ 30 ಇನ್ನೊಬ್ಬರ 32ರಷ್ಟು ಇರುತ್ತದೆ. ನಂಬರ್ ನಂಬಬೇಡಿ. ಶರ್ಟನ್ನು ಟೇಬಲ್ ಮೇಲೆ ಹಾಸಿ ಬಗಲಿನಿಂದ ಬಗಲಿಗೆ ಟೇಪ್ ಹಿಡಿದು ಎರಡರಿಂದ ಗುಣಿಸಿ. ಅದು ಮಗುವಿನ ಎದೆಗಿಂತ 4 ಇಂಚಾದರೂ ಜಾಸ್ತಿ ಇರಬೇಕು. ಹೊಟ್ಟೆ ಎದೆಗಿಂತ ದೊಡ್ಡದಿದ್ದರೆ ಹೊಟ್ಟೆಯನ್ನೇ ಲೆಕ್ಕಕ್ಕೆ ಹಿಡಿಯಿರಿ. ಪ್ಯಾಂಟಿನ ಸೀಟು ಮೈಗಿಂತ 2-3 ಇಂಚು ಸಡಿಲ ಇರಲಿ.

ರೆಡಿಮೇಡ್ ಕೊಂಡು ಆಲ್ಟರ್ ಮಾಡಿಸುವುದಾದರೆ ಒಂದು ವಿಷಯ ನೆನಪಿಡಿ: ಆಲ್ಟರ್ ಮಾಡಲು ಕಷ್ಟವಾದ ಜಾಗ ಸರಿಯಾಗಿರುವ ಸೈಜನ್ನೇ ಕೊಳ್ಳಿ, ಸುಲಭದ ಜಾಗವನ್ನು ಟೈಲರ್ ನೋಡಿಕೊಳ್ಳುತ್ತಾರೆ. ಶರ್ಟಿನಲ್ಲಿ ಶೋಲ್ಡರ್ ಮತ್ತು ಕಾಲರ್ ಕಷ್ಟ, ತೋಳು ಮತ್ತು ಉದ್ದ ಸುಲಭ. ಪ್ಯಾಂಟಿನಲ್ಲಿ ಸೀಟು ಮತ್ತು ಕಾಲ ಸಂದಿ ಕಷ್ಟ, ಕಾಲಿನ ಉದ್ದ ತೀರ ಸುಲಭ. ಚಿಕ್ಕದು ಮಾಡಬಹುದು, ದೊಡ್ಡದು ಮಾಡುವುದು ಬಹಳ ಕಡಿಮೆ ಸಾಧ್ಯ, ಏಕೆಂದರೆ ರೆಡಿಮೇಡ್‌ನಲ್ಲಿ ಒಳಗೆ ಬಟ್ಟೆಯನ್ನೇ ಬಿಟ್ಟಿರುವುದಿಲ್ಲ.

ಸಣಕಲು ಉದ್ದ ಮಕ್ಕಳಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಉದ್ದ ನೋಡಿ ಪ್ಯಾಂಟ್ ಕೊಳ್ಳಿ, ಸೊಂಟವನ್ನು ಹಿಂದಿನ ಹೊಲಿಗೆಯಲ್ಲಿ ಹಿಡಿಸಿ. ಆದರೆ 2 ಇಂಚಿಗಿಂತ ಜಾಸ್ತಿ ಹಿಡಿದರೆ ಎರಡೂ ಜೇಬು ಹಿಂದಕ್ಕೆ ಸರಿದು ವಿಚಿತ್ರವಾಗಿ ಕಾಣುತ್ತದೆ. ಅದಕ್ಕಿಂತ ಸೊಂಟದ ಪಟ್ಟಿಯ ಒಳಗೆ ಕಾಜಾ ಇರುವ ಇಲಾಸ್ಟಿಕ್ ಹಾಕಿಸಿ, ಎರಡೂ ಕಡೆ ಗುಂಡಿ ಇಟ್ಟರೆ ಬೇಕಾದಂತೆ ಬಿಗಿ ಮಾಡಬಹುದು, ಮಗು ದಪ್ಪವಾದಾಗ ಬಿಡಬಹುದು.

ದಪ್ಪ ಮಕ್ಕಳಿಗೆ ಮಾತ್ರ ಶರ್ಟ್ ರೆಡಿಮೇಡ್ ತರಬೇಡಿ ಅಂತಲೇ ಹೇಳುತ್ತೇನೆ. ಹೊಟ್ಟೆಗೆ ಆಗುವ ಶರ್ಟ್ ತಂದರೆ ಶೋಲ್ಡರ್ ರಟ್ಟೆಗೆ ಇಳಿಯುತ್ತದೆ, ಅರ್ಧ ತೋಳು ಮೊಣಕೈ ದಾಟುತ್ತದೆ, ಮಗು ಅಪ್ಪನ ಬಟ್ಟೆ ಹಾಕಿಕೊಂಡಂತೆ ಕಾಣುತ್ತದೆ. ಹೊಲಿಸಿ. ಹಿಂದೆ ಎರಡು ನೆರಿಗೆ ಕೊಡಲು ಹೇಳಿ, ಗುಂಡಿಗಳು ಬಾಯಿ ಬಿಡದಂತೆ ಹೊಟ್ಟೆಯ ಹತ್ತಿರ ಒಂದು ಗುಂಡಿ ಜಾಸ್ತಿ ಇಡಿಸಿ, ಟಕ್ ಮಾಡಿದ್ದು ಹೊರಗೆ ಬರದಂತೆ ಉದ್ದ 2-3 ಇಂಚು ಜಾಸ್ತಿ ಕೇಳಿ. ಪ್ಯಾಂಟಿಗೆ ಮುಂದೆ ಪಟ್ಟಿ, ಹಿಂದೆ ಇಲಾಸ್ಟಿಕ್. ತೊಡೆ ಉಜ್ಜಿ ಒಳಹೊಲಿಗೆಯಲ್ಲಿ ಬಟ್ಟೆ ಬೇಗ ಸವೆಯುತ್ತದೆ, ಅಲ್ಲಿ ಅದೇ ಬಟ್ಟೆಯ ಒಂದು ಪದರ ಒಳಗಿನಿಂದ ಹಾಕಿಸಿದರೆ ವರ್ಷ ಪೂರ್ತಿ ತಡೆಯುತ್ತದೆ.

ಪುಟ್ಟ ಮಕ್ಕಳ ಕಷ್ಟ ಬೇರೆ. ಪಿನಫೋರ್ (ಶರ್ಟಿನ ಮೇಲೆ ಹಾಕುವ ತೋಳಿಲ್ಲದ ಫ್ರಾಕು) ಉದ್ದವಾಯಿತು ಅಂತ ಕೆಳಗೆ ಮಡಚಿದರೆ ಸಾಲದು. ಸೊಂಟದ ಗೆರೆ ಇನ್ನೂ ಕೆಳಗೇ ಇರುತ್ತದೆ, ಬೆಲ್ಟ್ ಸೊಂಟದಿಂದ ಜಾರುತ್ತಲೇ ಇರುತ್ತದೆ. ಮೊದಲು ಭುಜದ ಹತ್ತಿರ ಎತ್ತಿಸಿ, ಸೊಂಟ ಸರಿಯಾದ ಜಾಗಕ್ಕೆ ಬಂದ ಮೇಲೆ ಕೆಳಗಿನ ಉದ್ದ ನೋಡಿ. ಕತ್ತರಿಸಬೇಡಿ, ಒಳಗೆ ಮಡಿಕೆ ಹಾಕಿಸಿ. ಐದು ವರ್ಷದಿಂದ ಹತ್ತು ವರ್ಷದವರೆಗೆ ಮಕ್ಕಳು ಸಾಮಾನ್ಯವಾಗಿ ವರ್ಷಕ್ಕೆ 5-6 ಸೆಂ.ಮೀ. ಬೆಳೆಯುತ್ತಾರೆ. ಅದರಲ್ಲಿ ಅರ್ಧದಷ್ಟು ಕಾಲಿಗೆ ಹೋಗುತ್ತದೆ, ಹಾಗಾಗಿ 2 ಇಂಚಿನ ಮಡಿಕೆ ಒಂದು ವರ್ಷಕ್ಕೆ ಧಾರಾಳ. ಅದಕ್ಕಿಂತ ಜಾಸ್ತಿ ಇಟ್ಟರೆ ಬಿಚ್ಚುವ ಹೊತ್ತಿಗೆ ಹೊರಗಿನ ಬಟ್ಟೆ ಮಾಸಿ, ಮಡಿಕೆಯ ಗೆರೆ ಎದ್ದು ಕಾಣುತ್ತದೆ. ಇನ್ನೊಂದು ಮಾತು: ಪುಟ್ಟ ಮಗು ವರ್ಷಕ್ಕೆ 4 ಸೆಂ.ಮೀ. ಕೂಡ ಬೆಳೆಯುತ್ತಿಲ್ಲ ಅನ್ನಿಸಿದರೆ ಮಕ್ಕಳ ಡಾಕ್ಟರಿಗೆ ಒಮ್ಮೆ ತೋರಿಸಿ. "ನಮ್ಮ ಮನೆತನವೇ ಹಾಗೆ" ಅಂತ ಸುಮ್ನೆ ಬಿಡಬೇಡಿ.

ಹೊಲಿಸುವುದು ಅಂತ ತೀರ್ಮಾನವಾದರೆ ಬಟ್ಟೆ ಹುಡುಕಬೇಕು. ಶಾಲೆಗೆ ಯೂನಿಫಾರ್ಮ್ ಕೊಡುವ ಅಂಗಡಿಯಲ್ಲೇ ತಾನಿನ (ಹೊಲಿಯದ, ಸುತ್ತಿಟ್ಟ) ಬಟ್ಟೆ ಕೇಳಿ, ಹಲವರು ಮೀಟರ್ ಲೆಕ್ಕದಲ್ಲಿ ಕೊಡುತ್ತಾರೆ. ಇಲ್ಲವಾದರೆ ಬೆಂಗಳೂರಿನವರಿಗೆ ಚಿಕ್ಕಪೇಟೆ ಇದೆ, ಹುಬ್ಬಳ್ಳಿಯವರಿಗೆ ದುರ್ಗದಬೈಲು, ಕೊಪ್ಪಿಕರ್ ರಸ್ತೆ ಇವೆ. ಹಳೆಯ ಯೂನಿಫಾರ್ಮಿನ ತುಂಡು ತೆಗೆದುಕೊಂಡು ಹೋಗಿ, ಆದರೆ ಮಾಸಿದ ಹೊರಭಾಗವನ್ನಲ್ಲ, ಮಡಿಕೆಯ ಒಳಗಿನ ಬಣ್ಣವನ್ನು ಹೋಲಿಸಿ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ನೋಡಿ ಒಪ್ಪಬೇಡಿ, ಹೊರಗೆ ಬಿಸಿಲಿಗೆ ಹಿಡಿದು ನೋಡಿ. ಚೌಕಳಿ ಬಟ್ಟೆಯಾದರೆ ಚೌಕದ ಅಳತೆಯೂ ಒಂದೇ ಇರಬೇಕು. ಟೈಲರ್ ಹೇಳಿದ್ದಕ್ಕಿಂತ ಅರ್ಧ ಮೀಟರ್ ಜಾಸ್ತಿ ತನ್ನಿ. ಮುಂದಿನ ವರ್ಷ ಅದೇ ಬಣ್ಣದ ತಾನು ಸಿಗುವುದು ಕಷ್ಟ, ಈ ತುಂಡು ಪಟ್ಟಿ ಸೇರಿಸಲು ಬರುತ್ತದೆ. ಹತ್ತಿ ಜಾಸ್ತಿ ಇರುವ ಬಟ್ಟೆಯನ್ನು ರಾತ್ರಿ ನೆನೆಸಿ ಒಣಗಿಸಿಯೇ ಹೊಲಿಯಲು ಕೊಡಿ.

ಟೈಲರ್ ಹತ್ತಿರ ಹೇಳಬೇಕಾದದ್ದು ಇಷ್ಟು: ಸೀಟಿನ ಹೊಲಿಗೆಯಲ್ಲಿ ಒಂದೂವರೆ ಇಂಚು, ಪಕ್ಕದ ಹೊಲಿಗೆಗಳಲ್ಲಿ ಒಂದೊಂದು ಇಂಚು ಬಟ್ಟೆ ಒಳಗೆ ಬಿಡಿ. ಮೊದಲು ಒಂದೇ ಜೊತೆ ಹೊಲಿಸಿ. ಅದನ್ನು ಹಾಕಿಸಿ ಮಗುವನ್ನು ನೆಲದ ಮೇಲೆ ಚಕ್ಕಂಬಕ್ಕಲ ಹಾಕಿ ಕೂರಿಸಿ, ಕುಕ್ಕರುಗಾಲಲ್ಲಿ ಕೂರಿಸಿ, ಎರಡೂ ಕೈ ಮೇಲೆತ್ತಿಸಿ, ಬ್ಯಾಗ್ ಹಾಕಿಸಿ ನೋಡಿ. ಶೌಚಾಲಯದಲ್ಲಿ ಹುಕ್ಕು, ಗುಂಡಿಯನ್ನು ತಾನೇ ಬಿಚ್ಚಿ ಹಾಕಿಕೊಳ್ಳಲು ಆಗುತ್ತದಾ ಅಂತ ಕೇಳಿ. ಎಲ್ಲಾ ಸರಿ ಅನ್ನಿಸಿದ ಮೇಲೆ ಉಳಿದ ಜೊತೆಗಳು.

ಶಾಲೆಯವರು "ಇದೇ ಅಂಗಡಿಯಲ್ಲೇ ತರಬೇಕು" ಅಂದರೆ? ಪುಸ್ತಕ, ಯೂನಿಫಾರ್ಮನ್ನು ಶಾಲೆಯಲ್ಲೇ ಅಥವಾ ಹೇಳಿದ ಅಂಗಡಿಯಲ್ಲೇ ಕೊಳ್ಳಲು ಒತ್ತಾಯ ಮಾಡಬಾರದು ಅಂತ ಸಿಬಿಎಸ್‌ಇ ತನ್ನ ಶಾಲೆಗಳಿಗೆ 2017ರ ಏಪ್ರಿಲ್‌ನಲ್ಲೇ ಹೇಳಿದೆ. ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಕರ್ನಾಟಕ ಸರ್ಕಾರದ 1995ರ ನಿಯಮಗಳಿವೆ. ಅದರ 11ನೇ ನಿಯಮದ ಪ್ರಕಾರ ಒಮ್ಮೆ ಗೊತ್ತುಮಾಡಿದ ಯೂನಿಫಾರ್ಮನ್ನು ಐದು ವರ್ಷ ಬದಲಾಯಿಸುವಂತಿಲ್ಲ, ಬದಲಾಯಿಸುವುದಾದರೆ ಒಂದು ವರ್ಷ ಮೊದಲೇ ಪೋಷಕರಿಗೆ ತಿಳಿಸಬೇಕು. ಹೊಲಿಸುವಾಗ ಬೆಳೆಯಲು ಜಾಗ ಬಿಡಿಸುವವರಿಗೆ ಇದು ಒಂದು ಧೈರ್ಯ. ಆದರೂ ಜಗಳದಿಂದ ಶುರು ಮಾಡಬೇಡಿ. ಕ್ಲಾಸ್ ಟೀಚರಿಗೆ ನಾಲ್ಕು ಸಾಲು ಬರೆದು, ಶಾಲೆಯ ಗುರುತು ಇರುವ ಜೇಬು ಅಥವಾ ಬ್ಯಾಡ್ಜ್ ಮಾತ್ರ ಕೊಡಿ, ಉಳಿದದ್ದು ಅದೇ ಬಣ್ಣದಲ್ಲಿ ಹೊಲಿಸುತ್ತೇವೆ ಅಂತ ಕೇಳಿ. ಬಹಳ ಕಡೆ ಒಪ್ಪುತ್ತಾರೆ.

ಅಂಗವೈಕಲ್ಯ ಇರುವ ಮಕ್ಕಳ ವಿಷಯದಲ್ಲಿ ಇಷ್ಟು ಮೆತ್ತಗೆ ಕೇಳಬೇಕಾದ್ದೂ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಗುವಿಗೆ ಬೇಕಾದ ಹೊಂದಾಣಿಕೆಯನ್ನು ಶಾಲೆ ಮಾಡಿಕೊಡಬೇಕು ಅಂತಿದೆ. ಕುಬ್ಜತೆಯೂ ಆ ಕಾಯ್ದೆಯ ಪಟ್ಟಿಯಲ್ಲಿದೆ. ಬ್ರೇಸ್ ಹಾಕುವವರಿಗೆ ಬ್ರೇಸ್ ಮೇಲಿಂದಲೇ ಅಳತೆ ತೆಗೆಯಿರಿ. ಕ್ಯಾಲಿಪರ್ ಇದ್ದರೆ ಪ್ಯಾಂಟಿನ ಕೆಳಗೆ ಪಕ್ಕದಲ್ಲಿ ಜಿಪ್ ಅಥವಾ ವೆಲ್ಕ್ರೋ ಇಡಿಸಿ. ವೀಲ್‌ಚೇರಿನಲ್ಲಿ ಕೂರುವವರಿಗೆ ಪ್ಯಾಂಟಿನ ಹಿಂಭಾಗ ಎತ್ತರ ಇರಲಿ, ಹಿಂದೆ ಜೇಬು, ದಪ್ಪ ಹೊಲಿಗೆ ಬೇಡ, ಚರ್ಮಕ್ಕೆ ಒತ್ತುತ್ತದೆ.

ಸರ್ಕಾರಿ ಶಾಲೆಗಳಲ್ಲಿ ವಿದ್ಯಾವಿಕಾಸ ಯೋಜನೆಯಲ್ಲಿ ಯೂನಿಫಾರ್ಮ್ ಉಚಿತ. ಕ್ಲಾಸಿಗೆ ಇಷ್ಟು ಅಂತ ಅಳೆದು ಬಂದ ಬಟ್ಟೆ ದೊಡ್ಡ ಮೈಯ ಮಗುವಿಗೆ ಸಾಲದೆ ಹೋಗಬಹುದು. ಹೆಡ್‌ಮಾಸ್ಟರಿಗೋ ಎಸ್‌ಡಿಎಂಸಿಯವರಿಗೋ (ಪೋಷಕರೂ ಇರುವ ಶಾಲಾ ಸಮಿತಿ) ಮೊದಲೇ ಹೇಳಿ, ಪುಟ್ಟ ಮಗುವಿನ ಬಟ್ಟೆ ಮಿಕ್ಕಿರುತ್ತದೆ, ಆ ತುಂಡು ಬಗಲಿನ ಪಟ್ಟಿಗೆ ಸಾಕು. ಹೈಸ್ಕೂಲ್ ಹುಡುಗಿಯರ ಚೂಡಿದಾರ್ ಪ್ಯಾಂಟಿಗೆ ಹುಕ್ಕಿನ ಬದಲು ಲಾಡಿ ಹಾಕಿಸಿದರೆ ಯಾವ ಸೊಂಟಕ್ಕೂ ಆಗುತ್ತದೆ.

ಪಿ.ಟಿ. ಡ್ರೆಸ್ಸಿನ ಟೀ ಶರ್ಟ್ ಹೊಲಿಸುವುದು ಕಷ್ಟ. ದೊಡ್ಡ ಮಕ್ಕಳಿಗೆ ದೊಡ್ಡವರ ಸೈಜಿನಲ್ಲಿ ಅದೇ ಕೆಂಪು, ನೀಲಿ, ಹಸಿರು, ಹಳದಿ ಕಾಲರ್ ಟೀ ಶರ್ಟ್ ಸಿಗುತ್ತದೆ, ಬ್ಯಾಡ್ಜ್ ಹೊಲಿಸಿಕೊಳ್ಳಿ. ಬೆಲ್ಟಿಗೂ ಅದೇ ದಾರಿ, ಶಾಲೆಯ ಬಕಲ್ ಬಿಚ್ಚಿ ಉದ್ದ ಇಲಾಸ್ಟಿಕ್ಕಿಗೆ ಹಾಕಿಸಬಹುದು.

ಕೊನೆಗೆ ಸಮಯ. ಮೇ ತಿಂಗಳಲ್ಲಿ ಮದುವೆಯ ಬ್ಲೌಸು, ಯೂನಿಫಾರ್ಮು ಎರಡೂ ಒಟ್ಟಿಗೆ ಬಂದು ಟೈಲರ್‌ಗಳಿಗೆ ತಲೆ ಎತ್ತಲು ಪುರುಸೊತ್ತಿರುವುದಿಲ್ಲ, ಆಗ ನಿಮ್ಮ ಮಗುವಿನ ವಿಶೇಷ ಅಳತೆಯನ್ನು ಯಾರೂ ನಿಧಾನವಾಗಿ ಕೇಳುವುದಿಲ್ಲ. ಮೊದಲ ಜೊತೆಯನ್ನು ಏಪ್ರಿಲ್‌ನಲ್ಲೇ ಕೊಟ್ಟುಬಿಡಿ. ಉಳಿದದ್ದನ್ನು ಆಷಾಢಕ್ಕೆ ಕೊಡಿ, ಮದುವೆಗಳಿಲ್ಲದೆ ಅವರೂ ಬಿಡುವಾಗಿರುತ್ತಾರೆ, ಹೊಲಿಗೆಯೂ ಅಚ್ಚುಕಟ್ಟಾಗಿ ಬರುತ್ತದೆ. ದಸರಾ ರಜೆಯಲ್ಲಿ ಮತ್ತೊಮ್ಮೆ ಅಳತೆ ತೆಗೆದು ಮಡಿಕೆ, ಸೀಟು ಬಿಡಿಸಿದರೆ ಪರೀಕ್ಷೆಯವರೆಗೂ ನಡೆಯುತ್ತದೆ.