ಯುಡೈಸ್ ಪ್ಲಸ್: ಮೊದಲು ರಿಜಿಸ್ಟರ್, ಆಮೇಲೆ ಪೋರ್ಟಲ್

ಹಿಂದೆ ಯುಡೈಸ್ (ದೇಶದ ಶಾಲೆಗಳಿಂದ ಪ್ರತಿ ವರ್ಷ ಮಾಹಿತಿ ಸಂಗ್ರಹಿಸುವ ವ್ಯವಸ್ಥೆ) ನಮೂನೆ ತುಂಬಿದವರಿಗೆ ನೆನಪಿರಬಹುದು, ಮಕ್ಕಳ ಬಗ್ಗೆ ಕೇಳುತ್ತಿದ್ದುದು ಲೆಕ್ಕ ಮಾತ್ರ. ಸೆಪ್ಟೆಂಬರ್ 30ಕ್ಕೆ ಐದನೇ ತರಗತಿಯಲ್ಲಿ ಹುಡುಗರೆಷ್ಟು, ಹುಡುಗಿಯರೆಷ್ಟು ಎಂದು ಬರೆದು ಸಹಿ ಹಾಕಿದರೆ ಮುಗಿಯಿತು. 2018-19ರಲ್ಲಿ ಯುಡೈಸ್ ಪ್ಲಸ್ ಬಂದು ಎಲ್ಲ ಆನ್‌ಲೈನ್ ಆದರೂ ಕೇಳುತ್ತಿದ್ದುದು ಅದೇ ಲೆಕ್ಕ. 2022-23ರಲ್ಲಿ ಒಬ್ಬೊಬ್ಬ ಮಗುವಿನ ವಿವರ ಕೇಳಿದಾಗಲೇ ಕೆಲಸದ ಸ್ವರೂಪ ಬದಲಾದದ್ದು. ಆಗ ನಾನು ಸಿಆರ್‌ಪಿ, ಅಂದರೆ ಒಂದು ಕ್ಲಸ್ಟರಿನ (ಹತ್ತಿರದ ಕೆಲವು ಶಾಲೆಗಳ ಗುಂಪಿನ) ಸಂಪನ್ಮೂಲ ವ್ಯಕ್ತಿ.

ಕಂಪ್ಯೂಟರ್ ಮುಟ್ಟುವ ಮೊದಲು ಕ್ಲಸ್ಟರಿನ ಮುಖ್ಯ ಶಿಕ್ಷಕರನ್ನೆಲ್ಲ ಕೂರಿಸಿ, ಅಡ್ಮಿಷನ್ ರಿಜಿಸ್ಟರನ್ನೂ ಮಕ್ಕಳ ಆಧಾರ್ ಪ್ರತಿಯನ್ನೂ ಸಾಲು ಸಾಲಾಗಿ ತಾಳೆ ನೋಡಿಸಿದೆ. ತಕರಾರೆಲ್ಲ ಹೆಸರಿನದೇ. ರಿಜಿಸ್ಟರಿನ ‘ಮಂಜುನಾಥ ಎಚ್.’ ಆಧಾರ್‌ನಲ್ಲಿ ಬರೀ ‘ಮಂಜು’. ಇನ್ನೊಬ್ಬಳಿಗೆ ತಂದೆಯ ಜಾಗದಲ್ಲಿ ಅಜ್ಜನ ಹೆಸರು. ರಾಜ್ಯದ ವಿದ್ಯಾರ್ಥಿ ದಾಖಲೆಯ ಪೋರ್ಟಲ್ ಸ್ಯಾಟ್ಸ್‌ನಲ್ಲಿ ನೋಡಿದರೆ ಮೂರನೆಯದೇ ಒಂದು ಸ್ಪೆಲ್ಲಿಂಗ್!

“ಸರ್, ಆಧಾರ್‌ನಲ್ಲಿ ಇದ್ದ ಹಾಗೆ ರಿಜಿಸ್ಟರನ್ನೇ ತಿದ್ದಿಬಿಟ್ಟರೆ?” ಎಂದು ಒಬ್ಬ ಮೇಡಂ ಕೇಳಿದರು.

“ಬೇಡ ಮೇಡಂ. ನಾಳೆ ಟಿ.ಸಿ., ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಎಲ್ಲ ಇದರ ಮೇಲೇ ಹೋಗುತ್ತವೆ. ರಿಜಿಸ್ಟರಿಗೆ ವೈಟ್‌ನರ್ ತಾಗಬಾರದು.”

ಜನನ ಪ್ರಮಾಣಪತ್ರ ರಿಜಿಸ್ಟರಿಗೆ ಹೊಂದಿದರೆ ಪೋಷಕರನ್ನು ಆಧಾರ್ ತಿದ್ದುಪಡಿಗೆ ಕಳಿಸುತ್ತಿದ್ದೆವು. ಅವರಿಗೆ ಒಂದು ದಿನದ ಕೂಲಿ ಹೋಗುತ್ತಿತ್ತು ಎಂಬುದು ನಿಜ. ಅದಕ್ಕೇ ಯಾವ ದಾಖಲೆ ಒಯ್ಯಬೇಕು ಎಂದು ಚೀಟಿಯಲ್ಲಿ ಬರೆದೇ ಕೊಡುತ್ತಿದ್ದೆವು. ಆಧಾರ್ ಫೋಟೊ ವಾಟ್ಸಾಪ್ ಗ್ರೂಪಿಗೆ ಹಾಕುವುದನ್ನಂತೂ ಮೊದಲ ದಿನವೇ ನಿಲ್ಲಿಸಿದೆ.

ಹೆಚ್ಚು ತಲೆ ತಿಂದದ್ದು ಪೋರ್ಟಲಿನ ಡ್ರಾಪ್ ಬಾಕ್ಸ್. ಶಾಲೆ ಬಿಟ್ಟ ಮಗು ಅಲ್ಲಿಗೆ ಹೋಗುತ್ತದೆ. ಹೊಸ ಶಾಲೆಯವರು ಅದರ ಪೆನ್ ಸಂಖ್ಯೆ (ಯುಡೈಸ್ ಪ್ಲಸ್‌ನಲ್ಲಿ ಪ್ರತಿ ಮಗುವಿಗೆ ಸಿಗುವ ಶಾಶ್ವತ ಸಂಖ್ಯೆ), ಜನ್ಮದಿನಾಂಕ ಹಾಕಿ ಎಳೆದುಕೊಳ್ಳಬೇಕು. ಕಬ್ಬು ಕಡಿಯಲು ವಲಸೆ ಹೋದವರ ಮಕ್ಕಳ ಕೈಯಲ್ಲಿ ಟಿ.ಸಿ.ಯೇ ಇರುವುದಿಲ್ಲ, ಇನ್ನು ಪೆನ್ ಎಲ್ಲಿಂದ ಬರಬೇಕು? ಹೊಸ ಮಗು ಎಂದು ಸೇರಿಸಿಬಿಡುವುದು ಸುಲಭ, ಆದರೆ ಒಂದೇ ಮಗು ಎರಡು ಕಡೆ ಲೆಕ್ಕಕ್ಕೆ ಬರುತ್ತದೆ. ಮಗು ಬಂದ ತಾಲ್ಲೂಕಿನ ಸಿಆರ್‌ಪಿಗೆ ಫೋನ್ ಮಾಡಿ ಹಳೆಯ ಶಾಲೆ ಪತ್ತೆಹಚ್ಚುವುದಕ್ಕಿಂತ ಬೇರೆ ದಾರಿ ನನಗೆ ಸಿಗಲಿಲ್ಲ.

ಆಮೇಲೆ ವಿದ್ಯಾರ್ಥಿಗಳಿಗೆ ದೇಶದಾದ್ಯಂತ ಒಂದೇ ಗುರುತಿನ ಸಂಖ್ಯೆಯಾದ 12 ಅಂಕಿಯ ಅಪಾರ್ ಬಂತು. ಹೆಸರು ಮೊದಲೇ ತಾಳೆಯಾಗಿದ್ದ ಶಾಲೆಗಳಿಗೆ ಉಳಿದದ್ದು ಪೋಷಕರ ಒಪ್ಪಿಗೆ ಪತ್ರ ಮಾತ್ರ. ಕೆಲವರು ಬೇಡ ಎಂದರು. ಮೇಲಿನಿಂದ ಶೇಕಡಾವಾರು ಪ್ರಗತಿ ಕೇಳಿದಾಗ ಅವರ ಮಕ್ಕಳನ್ನು ‘ಬಾಕಿ’ಗೆ ಸೇರಿಸದೆ ‘ಒಪ್ಪಿಗೆ ಇಲ್ಲ’ ಎಂಬ ಬೇರೆ ಕಾಲಂನಲ್ಲಿ ತೋರಿಸಿ ಕಳಿಸಿದೆ.