ಮನೆ ನಾಯಿಯನ್ನು ಬೀದಿಯಲ್ಲಿ ಬಿಟ್ಟುಹೋಗಿದ್ದಾರಾ? ಕಂಡವರು ಮಾಡಬೇಕಾದ ಕೆಲಸ

ಕೆಂಗೇರಿ ದಾಟಿದ ಮೇಲೆ ಮೈಸೂರು ರಸ್ತೆ ಪಕ್ಕದ ಒಂದು ಬಡಾವಣೆಯಲ್ಲಿ ನನ್ನದೊಂದು ಹಾಲಿನ ಬೂತ್ ಇದೆ. ಬೆಳಕು ಹರಿಯುವ ಮೊದಲೇ ಹಾಲಿನ ಗಾಡಿ ಬರುತ್ತದೆ. ರಾತ್ರಿ ಯಾರಾದರೂ ಕಾರಿನಲ್ಲಿ ಬಂದು ನಾಯಿ ಇಳಿಸಿ ಹೋಗಿದ್ದರೆ ಅದು ಮೊದಲು ಕಣ್ಣಿಗೆ ಬೀಳುವುದು ನನಗೆ, ಇಲ್ಲವೇ ಪೇಪರ್ ಹಾಕುವ ಹುಡುಗರಿಗೆ. ಲ್ಯಾಬ್, ಪಗ್, ಪೊಮೇರಿಯನ್, ಈಚೀಚೆಗೆ ಹಸ್ಕಿ. ಬೀದಿಯಲ್ಲೇ ಹುಟ್ಟಿ ಬೆಳೆದ ನಾಯಿಗಳ ವಿಷಯ ಬೇರೆ. ಅವಕ್ಕೆ ಊಟ ಎಲ್ಲಿ ಸಿಗುತ್ತದೆ, ರಸ್ತೆ ಯಾವಾಗ ದಾಟಬೇಕು ಎಲ್ಲ ಗೊತ್ತು. ನಾನು ಹೇಳುತ್ತಿರುವುದು ಸೋಫಾ ಮೇಲೆ ಮಲಗಿ ಬೆಳೆದ ನಾಯಿಗಳ ಬಗ್ಗೆ.

ಕಳೆದುಹೋದದ್ದೋ, ಬಿಟ್ಟುಹೋದದ್ದೋ

ಪಟಾಕಿಗೆ ಹೆದರಿ ಗೇಟು ಹಾರಿ ಬಂದ ನಾಯಿ ಒಂದು ಕಡೆ ನಿಲ್ಲುವುದಿಲ್ಲ. ಓಡುತ್ತಲೇ ಇರುತ್ತದೆ, ಮನುಷ್ಯರನ್ನು ಕಂಡರೆ ಇನ್ನೂ ಓಡುತ್ತದೆ. ಸಾಮಾನ್ಯವಾಗಿ ಕೊರಳಲ್ಲಿ ಬೆಲ್ಟ್ ಇರುತ್ತದೆ. ಬಿಟ್ಟುಹೋದ ನಾಯಿ ಹಾಗಲ್ಲ. ಇಳಿಸಿದ ಜಾಗ ಬಿಟ್ಟು ಕದಲುವುದಿಲ್ಲ. ಅದೇ ಥರದ ಕಾರು ಬಂದು ನಿಂತರೆ ಎದ್ದು ಹೋಗಿ ಬಾಗಿಲ ಹತ್ತಿರ ಮೂಸುತ್ತದೆ, ಮತ್ತೆ ಬಂದು ಅಲ್ಲೇ ಕೂರುತ್ತದೆ. ಬೆಲ್ಟ್ ಬಿಚ್ಚಿಕೊಂಡು ಹೋಗಿರುತ್ತಾರೆ, ಆದರೆ ಕೊರಳ ಸುತ್ತ ಕೂದಲು ಸವೆದ ಗುರುತು ಹಾಗೇ ಇರುತ್ತದೆ. ಬೆಲ್ಟನ್ನೂ ಬಿಡದೆ ಒಯ್ಯುವವರಿಗೆ ಏನು ಹೇಳೋಣ!

ಈ ಲೆಕ್ಕ ಯಾವಾಗಲೂ ಸರಿಯಾಗುತ್ತದೆ ಅಂತಲ್ಲ. ಹಾಗಾಗಿ ಮೊದಲು ಕಳೆದುಹೋಗಿದೆ ಅಂತಲೇ ತಿಳಿದು ಮಾಲೀಕರನ್ನು ಹುಡುಕಿ. ದೀಪಾವಳಿ, ಹೊಸ ವರ್ಷದ ದಿನಗಳಲ್ಲಂತೂ ಖಂಡಿತ. ಬಡಾವಣೆಯ ವಾಟ್ಸಾಪ್ ಗುಂಪುಗಳಿಗೆ ಫೋಟೋ ಹಾಕಿ, ಹತ್ತಿರದ ಪ್ರಾಣಿ ಆಸ್ಪತ್ರೆಗಳಿಗೆ ತಿಳಿಸಿ. ಫೋಟೋ ಹಾಕುವಾಗ ಒಂದು ಗುರುತನ್ನು ಮಾತ್ರ ಮುಚ್ಚಿಟ್ಟುಕೊಳ್ಳಿ. ಹೊಟ್ಟೆ ಮೇಲಿನ ಮಚ್ಚೆಯೋ, ತುಂಡಾದ ಹಲ್ಲೋ, ಯಾವುದಾದರೂ ಸರಿ. "ನಂದೇ ನಾಯಿ" ಅಂತ ಬಂದವರನ್ನು ಆ ಗುರುತು ಕೇಳಿ. ಹಳೇ ಫೋಟೋ, ಲಸಿಕೆ ಪುಸ್ತಕ ತರಲು ಹೇಳಿ. ಒಳ್ಳೇ ಜಾತಿ ನಾಯಿ ಅಂದರೆ ಸುಳ್ಳು ಮಾಲೀಕರು ಬೇಗ ಬರುತ್ತಾರೆ.

ಹತ್ತಿರ ಹೋಗುವುದು

ನೇರ ಎದುರಿಗೆ ಹೋಗಬೇಡಿ, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ. ಸ್ವಲ್ಪ ದೂರದಲ್ಲಿ ಪಕ್ಕಕ್ಕೆ ತಿರುಗಿ ಕೂತುಕೊಳ್ಳಿ. ಮೇಲಿಂದ ಕೈ ತಂದು ತಲೆ ಸವರಲು ಹೋದರೆ ಎಂಥ ಸಾಧು ನಾಯಿಯೂ ಕಚ್ಚಬಹುದು. ಅದೇ ಬಂದು ನಿಮ್ಮ ಕೈ ಮೂಸಲಿ.

ನಾನು ಆಮೇಲೆ ಹೆಸರು ಕರೆದು ನೋಡುತ್ತೇನೆ. ಟಾಮಿ, ರಾಕಿ, ಬ್ರೂನೋ, ಜಿಮ್ಮಿ, ಸ್ನೂಪಿ, ಹೀಗೆ. ಒಂದಕ್ಕಾದರೂ ಕಿವಿ ನೆಟ್ಟಗಾದರೆ ಅರ್ಧ ಕೆಲಸ ಆಯಿತು. ಭಾಷೆಯನ್ನೂ ಬದಲಿಸಿ ನೋಡಿ. ಕನ್ನಡದ "ಬಾರೋ" ಕೆಲಸ ಮಾಡದಿದ್ದರೆ "ಆವೋ", "ವಾಡಾ", "ರಾರಾ", "ಕಮ್". ಬೆಂಗಳೂರಿನ ನಾಯಿ, ಯಾವ ಮನೆಯಲ್ಲಿ ಬೆಳೆದಿದೆಯೋ ಯಾರಿಗೆ ಗೊತ್ತು! "ಬೈಠೋ" ಅಂದ ಕೂಡಲೇ ಕೂತರೆ ಹಿಂದಿ ಮನೆಯ ನಾಯಿ. ಹುಡುಕುವುದಕ್ಕೂ ಒಂದು ಸುಳಿವು ಸಿಕ್ಕಿತು.

ಊಟಕ್ಕೆ ಹಾಲು ಮಾತ್ರ ಹಾಕಬೇಡಿ. ಹಾಲು ಮಾರುವವಳೇ ಹೇಳುತ್ತಿದ್ದೇನೆ. ನನ್ನ ಹತ್ತಿರವೇ ಪ್ಯಾಕೆಟ್ ತಗೊಂಡು ಅಲ್ಲೇ ಹರಿದು ಸುರಿಯುವ ಪುಣ್ಯಾತ್ಮರಿದ್ದಾರೆ. ಬೆಳೆದ ನಾಯಿಗಳಲ್ಲಿ ಎಷ್ಟೋ ನಾಯಿಗಳಿಗೆ ಹಾಲು ಅರಗುವುದಿಲ್ಲ. ಹಸಿದ ಹೊಟ್ಟೆಗೆ ಹಾಲು ಬಿದ್ದು ಭೇದಿ ಹತ್ತಿದರೆ ಇನ್ನೂ ಸುಸ್ತಾಗುತ್ತದೆ. ಮೊದಲು ನೀರು. ಆಮೇಲೆ ಮೆತ್ತಗಿನ ಅನ್ನಕ್ಕೆ ಸ್ವಲ್ಪ ಮೊಸರು, ಇಲ್ಲವೇ ಉಪ್ಪು ಖಾರ ಇಲ್ಲದೆ ಬೇಯಿಸಿದ ಕೋಳಿ. ಒಮ್ಮೆಗೇ ತಟ್ಟೆ ತುಂಬ ಹಾಕದೆ ಸ್ವಲ್ಪ ಸ್ವಲ್ಪವೇ ನಾಲ್ಕು ಸಲ ಹಾಕಿ. ಈರುಳ್ಳಿ ಬಿದ್ದ ಸಾರು, ದ್ರಾಕ್ಷಿ, ಚಾಕಲೇಟ್ ಬೇಡವೇ ಬೇಡ. ಇವು ನಾಯಿಗೆ ವಿಷ.

ಬೀದಿ ನಾಯಿಗಳು ಹೊಸಬನನ್ನು ಬಿಡುವುದಿಲ್ಲ, ಅದು ಅವುಗಳ ಜಾಗ ಅಲ್ವಾ? ರಾತ್ರಿಯಾಗುವುದರೊಳಗೆ ಗೇಟಿರುವ ಕಾಂಪೌಂಡೋ, ಖಾಲಿ ಗ್ಯಾರೇಜೋ ನೋಡಿ ಒಳಗೆ ಸೇರಿಸಿ. ಕರೆದೊಯ್ಯುವಾಗ ಬೆಲ್ಟ್ ಒಂದನ್ನೇ ನಂಬಬೇಡಿ. ಹೆದರಿದ ನಾಯಿ ಹಿಂದಕ್ಕೆ ಜಗ್ಗಿದರೆ ಕೊರಳಿಂದ ಬೆಲ್ಟ್ ಕಳಚಿಕೊಳ್ಳುತ್ತದೆ. ಎದೆಗೆ ಹಾಕುವ ಪಟ್ಟಿಗೊಂದು ಹಗ್ಗ, ಬೆಲ್ಟಿಗೊಂದು ಹಗ್ಗ ಇರಲಿ. ತಪ್ಪಿಸಿಕೊಂಡರೆ ಇಳಿಸಿದ ಜಾಗದಲ್ಲೇ ಮೊದಲು ಹುಡುಕಿ. ಎಷ್ಟು ದೊಡ್ಡ ರಸ್ತೆ ಅಡ್ಡ ಇದ್ದರೂ ದಾಟಿಕೊಂಡು ಅಲ್ಲಿಗೇ ಹೋಗುತ್ತದೆ. ನಾಯಿಯ ನಿಯತ್ತು ಅಂತ ನಾವು ಹೊಗಳುತ್ತೇವಲ್ಲ, ಎಷ್ಟೋ ನಾಯಿ ಗಾಡಿಗೆ ಸಿಕ್ಕುವುದು ಅದರಿಂದಲೇ.

ಡಾಕ್ಟರ ಹತ್ತಿರ

ಮಾರನೇ ದಿನವೇ ಹೋಗಿ. ಮೊದಲು ಚಿಪ್ ಇದೆಯಾ ನೋಡಲು ಹೇಳಿ. ಹಾಕಿಸಿದ್ದರೆ ಭುಜದ ಮಧ್ಯೆ ಚರ್ಮದಡಿ ಅಕ್ಕಿಕಾಳಿನಷ್ಟು ಚಿಕ್ಕದೊಂದು ಚಿಪ್ ಇರುತ್ತದೆ. ಸ್ಕ್ಯಾನರ್ ಹಿಡಿದರೆ 15 ಅಂಕಿಯ ನಂಬರ್ ಬರುತ್ತದೆ, ಅದರಿಂದ ಮಾಲೀಕರನ್ನು ಹುಡುಕಬಹುದು. ಹೆಚ್ಚಿನ ನಾಯಿಗಳಿಗೆ ಇರುವುದಿಲ್ಲ, ಆದರೂ ನೋಡುವುದಕ್ಕೆ ಒಂದು ನಿಮಿಷ ಸಾಕು.

ಉಣ್ಣೆ ಹುಳ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಸೇರಿಕೊಂಡಿರುತ್ತವೆ. ವಸಡು ಬೆಳ್ಳಗಾಗಿದ್ದರೆ, ಊಟ ಬಿಟ್ಟಿದ್ದರೆ ಇವು ಕಚ್ಚಿ ಬರುವ ಉಣ್ಣೆ ಜ್ವರ ಇರಬಹುದು, ರಕ್ತ ಪರೀಕ್ಷೆ ಮಾಡಿಸಿ. ಜ್ವರ ಅಂತ ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಕೊಡಬೇಡಿ, ಜೀವಕ್ಕೇ ಅಪಾಯ. ಲಸಿಕೆ ಪುಸ್ತಕ ಇಲ್ಲದಿದ್ದರೆ ಲಸಿಕೆಯೇ ಆಗಿಲ್ಲ ಅಂತ ತಿಳಿದು ರೇಬೀಸ್ ಚುಚ್ಚುಮದ್ದು ಹಾಕಿಸಿ. ಈ ಗಲಾಟೆಯಲ್ಲಿ ನಿಮಗೇ ಕಚ್ಚಿದರೆ, ಪರಚಿದರೆ ಸುಮ್ನಿರಬೇಡಿ. ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ಮನೆಯಲ್ಲಿ ಬೇರೆ ನಾಯಿ ಇದ್ದರೆ ಎರಡು ವಾರ ಇದನ್ನು ಬೇರೆ ಇಡಿ. ನಾಯಿಯಿಂದ ನಾಯಿಗೆ ಹರಡುವ ಪಾರ್ವೊ ರೋಗ ಒಳಗಿದ್ದರೆ ಅಷ್ಟರೊಳಗೆ ಗೊತ್ತಾಗುತ್ತದೆ.

ಹೆಣ್ಣು ನಾಯಿಯಾಗಿದ್ದು ಮೊಲೆ ಜೋತುಬಿದ್ದಿದ್ದರೆ, ಮರಿ ಹಾಕಿಸಿ ಹಾಕಿಸಿ ಇನ್ನು ಲಾಭವಿಲ್ಲ ಅಂತ ಬಿಟ್ಟಿರಬಹುದು. ವರ್ಷಕ್ಕೆ ಒಂದು ಸೂಲಿಗಿಂತ ಜಾಸ್ತಿ ಮರಿ ಹಾಕಿಸಬಾರದು ಅಂತ 2017ರ ನಿಯಮ ಹೇಳುತ್ತದೆ. ಪಾಲಿಸುವವರು ಯಾರು?

ಕೇಸು ಹಾಕಬಹುದಾ?

ಹಾಕಬಹುದು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲಿ, ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟುಹೋಗುವುದು ಅಪರಾಧ. ದಂಡ ಎಷ್ಟು ಅಂದುಕೊಂಡಿರಿ? ಮೊದಲ ಸಲಕ್ಕೆ 10ರಿಂದ 50 ರೂಪಾಯಿ. 10 ರೂಪಾಯಿಗೆ ಈಗ ಕಾಲು ಲೀಟರ್ ಹಾಲೂ ಬರುವುದಿಲ್ಲ. ಮೂರು ವರ್ಷದೊಳಗೆ ಮತ್ತೆ ಮಾಡಿದರೆ 25ರಿಂದ 100 ರೂಪಾಯಿ, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಆದರೂ ದೂರು ಕೊಡಿ ಅಂತಲೇ ನಾನು ಹೇಳುವುದು. ಸ್ಟೇಷನ್ನಿಂದ ಒಂದು ಫೋನ್ ಹೋದರೆ ಅಕ್ಕಪಕ್ಕದವರಿಗೆ ಗೊತ್ತಾಗುತ್ತದೆ, ಅದಕ್ಕೆ ದಂಡಕ್ಕಿಂತ ಜಾಸ್ತಿ ಹೆದರುತ್ತಾರೆ. ಗಾಡಿ ನಂಬರ್ ಬೇಕಾದರೆ ಅಂಗಡಿಗಳ ಸಿಸಿಟಿವಿಯನ್ನು ಅವತ್ತೇ ಕೇಳಿ ನೋಡಿ. ಹಳೇ ರೆಕಾರ್ಡಿಂಗ್ ಅಳಿಸಿಹೋಗುತ್ತಾ ಇರುತ್ತದೆ.

"ಆಂಟಿ, ನಮ್ಮ ನಾಯಿ ಯಾರಿಗಾದ್ರೂ ಕೊಡಿಸ್ತೀರಾ?"

ಬೂತಿಗೆ ಬಂದು ಹೀಗೆ ಕೇಳುವವರೂ ಇದ್ದಾರೆ. ಇವರ ಮೇಲೆ ನಾನು ಸಿಟ್ಟು ಮಾಡಿಕೊಳ್ಳುವುದಿಲ್ಲ. ಬೈದು ಕಳಿಸಿದರೆ ರಾತ್ರಿ ಹೋಗಿ ಎಲ್ಲೋ ಬಿಡುತ್ತಾರೆ. ಯಾಕೆ ಅಂತ ಕೇಳಿದರೆ ಅರ್ಧ ಜನರ ತೊಂದರೆಗೆ ದಾರಿ ಇರುತ್ತದೆ.

ಅಪಾರ್ಟ್‌ಮೆಂಟಿನವರು ಬೇಡ ಅಂದರಾ? ನಾಯಿ ಸಾಕಬಾರದು ಅಂತ ಸಂಘದವರು ನಿಯಮ ಮಾಡುವಂತಿಲ್ಲ, ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯೇ ಇದನ್ನು ತಿಳಿಸಿದೆ. ಟ್ರಾನ್ಸ್‌ಫರ್ ಆಯಿತಾ? ರೈಲಿನಲ್ಲಿ ಫಸ್ಟ್ ಎಸಿಯ ಕೂಪೆ ಪೂರ್ತಿ ಸಿಕ್ಕರೆ ನಾಯಿಯನ್ನು ಜೊತೆಗೇ ಕರೆದೊಯ್ಯಬಹುದು. ಮನೆಯಲ್ಲಿ ಬಸುರಿ ಇದ್ದಾರಾ? ಬಸುರಿಯರನ್ನು ಹೆದರಿಸುವ ಟಾಕ್ಸೊಪ್ಲಾಸ್ಮಾ ಅನ್ನುವ ರೋಗಾಣು ಬೆಕ್ಕಿನ ಮಲದಿಂದ ಹರಡುವಂಥದ್ದು, ಅದಕ್ಕೆ ನಾಯಿಯನ್ನು ಓಡಿಸಬೇಕಿಲ್ಲ. ಜಂತು ಮಾತ್ರೆ, ಲಸಿಕೆ ಸರಿಯಾಗಿ ಹಾಕಿಸಿ. ಮುದಿ ನಾಯಿ ಮನೆಯೆಲ್ಲ ಉಚ್ಚೆ ಹೊಯ್ಯುತ್ತದಾ? ಕಾಯಿಲೆಯೋ, ಕೀಲುನೋವೋ ಇರಬಹುದು, ಡಾಕ್ಟರಿಗೆ ತೋರಿಸಿ.

ನಿಜವಾಗಿಯೂ ಆಗುವುದೇ ಇಲ್ಲ ಅಂದರೆ, ಮನೆ ಖಾಲಿ ಮಾಡುವ ಎರಡು ಮೂರು ತಿಂಗಳು ಮುಂಚೆ ಬಾಯಿಬಿಟ್ಟು ಹೇಳಿ. ನಾಯಿ ನಿಮ್ಮ ಮನೆಯಲ್ಲಿ ಇರುವಾಗಲೇ ಬೇರೆ ಮನೆ ಹುಡುಕುವುದು ಸುಲಭ. ಆಶ್ರಯ ಕೇಂದ್ರಗಳು ಯಾವಾಗಲೂ ತುಂಬಿರುತ್ತವೆ.

ಯಾರಿಗೆ ಕೊಡುವುದು

ಇದೇ ಕಷ್ಟದ ಕೆಲಸ. ನಾಯಿಗೆ ಆರಿಸಲು ಬರುವುದಿಲ್ಲ, ಯಾರ ಮನೆಗೆ ಹೋದರೂ ಅವರನ್ನೇ ನಂಬುತ್ತದೆ. ಹಾಗಾಗಿ ಅನುಮಾನ ಪಡುವುದು ನಮ್ಮ ಪಾಲಿಗೆ ಬಂದದ್ದು.

ನಾನು ಕೇಳುವ ಮುಖ್ಯವಾದ ಪ್ರಶ್ನೆ ಒಂದೇ. "ಮುಂಚೆ ನಾಯಿ ಸಾಕಿದ್ರಾ? ಅದು ಈಗ ಎಲ್ಲಿದೆ?" ವಯಸ್ಸಾಗಿ ಸತ್ತಿತು ಅಂದು ಕೊನೆ ದಿನಗಳ ಕಥೆ ಹೇಳಿದರೆ ಒಳ್ಳೇದು. "ತೋಟಕ್ಕೆ ಬಿಟ್ವಿ", "ಊರಲ್ಲಿ ಯಾರಿಗೋ ಕೊಟ್ವಿ" ಅಂದರೆ ಇನ್ನಷ್ಟು ಕೇಳಿ. ಆ ತೋಟದ ಫೋಟೋ ಇದೆಯಾ ಅಂತಲೂ ಕೇಳಿ. ಹೆಣ್ಣೇ ಬೇಕು, ಮರಿಯಾಗದ ಹಾಗೆ ಮಾಡುವ ಆಪರೇಷನ್ ಮಾಡಿಸಬೇಡಿ ಅಂದರೆ ಮರಿ ವ್ಯಾಪಾರ ಅಂತಲೇ ಅರ್ಥ. ಆಪರೇಷನ್ ಮುಗಿಸಿಯೇ ಕೊಡಿ, ಅಂಥವರು ಫೋನ್ ಮಾಡುವುದನ್ನೇ ನಿಲ್ಲಿಸುತ್ತಾರೆ. ಬಾಡಿಗೆ ಮನೆಯಾದರೆ ಓನರ್ ಒಪ್ಪಿಗೆಯನ್ನು ನೀವೇ ಕೇಳಿ. ಮನೆ ನೋಡಿ ಬನ್ನಿ, ಗೇಟಿನ ಸಂದಿ ನೋಡಿ. ಹಗಲಲ್ಲಿ ಯಾರಿರುತ್ತಾರೆ ಕೇಳಿ. ಮಗಳ ಹುಟ್ಟುಹಬ್ಬಕ್ಕೆ ಗಿಫ್ಟ್ ಅಂದವರಿಗೆ ನಾನು ಕೊಡುವುದಿಲ್ಲ.

ಇಷ್ಟೆಲ್ಲ ಕೇಳಿದರೆ "ಒಂದು ನಾಯಿಗೆ ಇಷ್ಟೊಂದಾ?" ಅಂತ ಮುಖ ಗಂಟಿಕ್ಕುತ್ತಾರೆ. ನಮ್ಮ ತವರು ಮದ್ದೂರು ಕಡೆ. ಅಲ್ಲೇ ಆತಕೂರಿನಲ್ಲಿ ಹತ್ತನೇ ಶತಮಾನದ ಒಂದು ಶಾಸನ ಸಿಕ್ಕಿದೆ. ಯುದ್ಧದಲ್ಲಿ ಗೆದ್ದ ಮಣಲೇರ ಅನ್ನುವ ವೀರನಿಗೆ ಅವನ ಒಡೆಯ ಏನು ಬೇಕೋ ಕೇಳು ಅಂದರೆ ಅವನು ಕಾಳಿ ಅನ್ನುವ ನಾಯಿಯನ್ನು ಕೇಳಿದ. ಕಾಳಿ ಹಂದಿಯ ಜೊತೆ ಕಾದಾಡಿ ಸತ್ತಾಗ ಅದಕ್ಕೆ ಕಲ್ಲು ನಿಲ್ಲಿಸಿದರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ಹೋಗಿ ನೋಡಿ ಬನ್ನಿ ಅನ್ನುತ್ತೇನೆ ಅಂಥವರಿಗೆ.

ಕೊಡುವಾಗ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ: ಸಾಕಲು ಆಗದಿದ್ದರೆ ಬೇರೆಯವರಿಗೆ ಕೊಡದೆ ನಿಮಗೇ ವಾಪಸ್ ತರಬೇಕು. ಆಧಾರ್ ಪ್ರತಿ, ಸಹಿ ಇರಲಿ. ನಿಮ್ಮ ಮನೆಯಲ್ಲಿ ಅದು ಮಲಗುತ್ತಿದ್ದ ಹಳೇ ಬೆಡ್‌ಶೀಟನ್ನು ತೊಳೆಯದೆ ಜೊತೆಗೆ ಕಳಿಸಿ. ಮೊದಲ ಕೆಲವು ದಿನ ಊಟ ಬಿಡಬಹುದು, ಗೇಟಿನ ಹತ್ತಿರವೇ ಕೂರಬಹುದು, ರಾತ್ರಿ ಊಳಿಡಬಹುದು ಅಂತ ಮುಂಚೆಯೇ ಹೇಳಿಬಿಡಿ. ಗೊತ್ತಿಲ್ಲದವರು ಎರಡನೇ ದಿನಕ್ಕೇ ವಾಪಸ್ ತರುತ್ತಾರೆ. ನೋಡಬೇಕು ಅಂತ ಆಸೆಯಾದರೂ ಒಂದು ತಿಂಗಳು ಆ ಕಡೆ ಹೋಗಬೇಡಿ, ಫೋಟೋ ತರಿಸಿಕೊಳ್ಳಿ. ಮೊದಲ ರಾತ್ರಿ ಮಾತ್ರ ಫೋನನ್ನು ಸೈಲೆಂಟಿಗೆ ಹಾಕಬೇಡಿ. ಖಂಡಿತ ಕರೆ ಬರುತ್ತದೆ.